ಅಲುಗದಿರಲು ಕಲಿಸಿದ ಸರಸಕ್ಕ

ಸರಸಕ್ಕನ ಮೈಮೇಲೆ ಗುಂಡುಸೂಜಿಯಷ್ಟೂ ಲೋಹವಿರಲಿಲ್ಲ. ಕಿವಿಯ ತೂತು ಮುಚ್ಚಿಹೋಗದಿರಲೆಂದು ಪೊರಕೆ ಕಡ್ಡಿಯ ಚೂರು ಸಿಕ್ಕಿಸಿಕೊಂಡಿದ್ದಳು. ರವಿಕೆಗೆ ಹುಕ್ಕಿನ ಬದಲು ಬಟ್ಟೆ ಸುತ್ತಿ ಹೊಲಿದ ಗುಂಡಿಗಳು. ಸೆರಗಿಗೆ ಪಿನ್ನಿಲ್ಲ, ತಲೆಗೆ ಕ್ಲಿಪ್ಪಿಲ್ಲ, ಕಾಲುಂಗುರವಿಲ್ಲ, ಕುತ್ತಿಗೆ ಬೋಳು. ಮುಂಬೈ ಭಾಂಡುಪ್‌ನ ನಮ್ಮ ಚಾಳಿನಲ್ಲಿ, ಒಂದೊಂದೇ ಖೋಲಿಯ ಮನೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಅವಳು ಮೊದಲ ಸಲ ಎದುರಾದಾಗ ವಿಧವೆ ಎಂದುಕೊಂಡು ನಾನು ಕಣ್ಣು ತಗ್ಗಿಸಿದೆ. ಅವಳಿಗೆ ಅದು ಕೂಡಲೇ ಗೊತ್ತಾಯಿತು.

"ಎಂತ ನೋಡ್ತಿ ಮಾರಾಯ್ತಿ? ಗಂಡ ಸಾಯಲಿಲ್ಲ. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಇಡ್ಲಿ ಬೇಯಿಸ್ತಾನೆ. ಮನೆಯಲ್ಲಿ ಬೇರೆ ಒಬ್ಬಳಿಗೆ ಬೇಯಿಸಿ ಹಾಕ್ತಾನೆ. ನನ್ನ ಕರಿಮಣಿ ಡ್ಯೂಟಿಗೆ ಅಡ್ಡ ಬಂತು, ತೆಗೆದಿಟ್ಟೆ. ಸಂಜೆ ಹಾಕಿಕೊಳ್ಳಲಿಕ್ಕೆ ಮರೆತೆ. ಮರುದಿನ ಮರೆಯುದು ಇನ್ನೂ ಸುಲಭ ಆಯ್ತು."

ಅವಳ ಡ್ಯೂಟಿ ಪಟ್ಟಣದ ಒಂದು ಸ್ಕ್ಯಾನ್ ಸೆಂಟರಿನಲ್ಲಿ. ಎಂಆರ್‌ಐ ಮೆಷಿನ್ ಆಗ ಮುಂಬೈಗೆ ಹೊಸದು. ಈಗ ನೀವು ಮೊಮ್ಮಕ್ಕಳು ಆ ಹೆಸರನ್ನು ದಿನವೂ ಕೇಳುತ್ತೀರಿ, ಆಗ ನಮ್ಮ ಚಾಳಿನಲ್ಲಿ ಅದನ್ನು ಕಂಡಿದ್ದವಳು ಸರಸಕ್ಕ ಒಬ್ಬಳೇ. ಆ ಮೆಷಿನ್ ಎಂದರೆ ಕೋಣೆ ತುಂಬುವಷ್ಟು ದೊಡ್ಡ ಅಯಸ್ಕಾಂತ. ನಡುವೆ ಒಂದು ಸುರಂಗ, ಸುರಂಗದೊಳಗೆ ರೋಗಿ. ಕಬ್ಬಿಣದ ಚೂರೇನಾದರೂ ಒಳಗೆ ಹೋದರೆ ಹಾರಿ ಹೋಗಿ ಅದಕ್ಕೆ ಬಡಿದುಕೊಳ್ಳುತ್ತದೆ. ಬಂದವರ ಮೈಯಿಂದ ಪಿನ್ನು, ಹುಕ್ಕು, ಬೀಗದ ಕೈ ಎಲ್ಲವನ್ನೂ ತೆಗೆಸಿ ಒಳಗೆ ಬಿಡುವುದು ಆಯಾ ಆಗಿದ್ದ ಅವಳ ಕೆಲಸ. ಎಷ್ಟು ದೊಡ್ಡವರು ಬಂದರೂ ಅವಳು ಅಂಗೈಯಿಂದ ಮೈ ಸವರಿಯೇ ಬಿಡುತ್ತಿದ್ದಳು.

"ಒಬ್ಬಳು ಸೇಠಾಣಿ," ಎಂದು ಒಮ್ಮೆ ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಳು, "ಪಿನ್ ಇಲ್ಲ ಇಲ್ಲ ಅಂತ ದೇವರ ಆಣೆ ಹಾಕಿದಳು. ಸೀರೆ ಬಿಚ್ಚಿಸಿದೆ. ಹನ್ನೊಂದು ಪಿನ್. ಅವಳ ಗಂಡ ಬೈದ. ನಾನು ಹೇಳಿದೆ, ಸಾಹೇಬ್, ನಿಮ್ಮ ಮನೆಯಲ್ಲಿ ಸೀರೆ ನಿಲ್ಲುದೇ ಪಿನ್ನಿನ ಮೇಲೆ, ನಾನು ಎಂತ ಮಾಡಲಿ?"

ಜನರಿಗೆ ಅವರವರ ಊನವನ್ನೇ ಹೆಸರಾಗಿ ಇಡುವುದು ಅವಳ ಅಭ್ಯಾಸ. ಹಿಂದಿನಿಂದಲ್ಲ, ಮುಖಕ್ಕೆ ಮುಖ ಕೊಟ್ಟು. ಕೆಳಗಿನ ಖೋಲಿಯ ಪಾಟೀಲರು ಕುಂಟುತ್ತಿದ್ದರು, ಅವರನ್ನು "ಒಂದೂವರೆ ಪಾಟೀಲ" ಎಂದು ಕರೆಯುತ್ತಿದ್ದಳು. ನಾಲ್ಕು ಜನರೆದುರು ಮಾತು ಬಾರದ ನಾನು "ಮೂಕಿ". ಪೇಂಟ್ ಕಂಪನಿಯ ಸ್ಟೋರಿನಲ್ಲಿ ಕೆಲಸ ಮಾಡುತ್ತಿದ್ದ ನಿಮ್ಮ ತಾತನಿಗೆ ಸ್ವಲ್ಪ ತೊದಲಿತ್ತು. ಅವರು ಮಾತು ಮುಗಿಸುವ ಮೊದಲೇ ಇವಳು ಮುಗಿಸಿಬಿಡುತ್ತಿದ್ದಳು. ಅವರು ಅವಳ ಎದುರು ಬಾಯಿ ತೆರೆಯುವುದನ್ನೇ ಬಿಟ್ಟರು.

ನಿಮ್ಮ ಅಮ್ಮ ಸುಧಾಳನ್ನು ಅವಳು "ನೀಲಿ" ಎಂದು ಕರೆದಳು.

ಸುಧಾ ಹುಟ್ಟಿದಾಗಲೇ ಅವಳ ಎದೆಯಲ್ಲಿ ದೋಷವಿತ್ತು. ಹೃದಯದ ಗೋಡೆಯಲ್ಲಿ ತೂತು. ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳ ಸಣ್ಣದು. ಅಳುವಾಗ ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಉಗುರುಗಳು ಉಬ್ಬಿ ಮಸಿ ಬಳಿದ ಹಾಗಿದ್ದವು. ಏಳು ವರ್ಷದವಳಾದರೂ ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ನಡೆದರೆ ಎರಡು ಸಲ ಕುಕ್ಕರಗಾಲಿನಲ್ಲಿ ಕೂರಬೇಕಿತ್ತು. ಹಾಗೆ ಕೂತರೆ ಉಸಿರು ಮರಳುತ್ತಿತ್ತು. ಚಾಳಿನ ಹೆಂಗಸರು "ಸ್ವಲ್ಪ ಬಣ್ಣ ಕಡಿಮೆ ಅಷ್ಟೆ" ಎಂದು ನನಗೆ ಸಮಾಧಾನ ಹೇಳುತ್ತಿದ್ದರು. ಸರಸಕ್ಕ ಮಾತ್ರ ಗ್ಯಾಲರಿಯಲ್ಲಿ ನಿಂತು, "ನೀಲಿ, ಇವತ್ತು ಎಷ್ಟು ಸಲ ಕೂತೆ? ನಿನ್ನೆ ಮೂರು, ಇವತ್ತು ಐದು. ಹೀಗೆ ಹೋದರೆ ಯುಗಾದಿ ನೋಡುದಿಲ್ಲ ನೀನು," ಎನ್ನುತ್ತಿದ್ದಳು. ನಾನು ಮಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವಳ ನಾಲಿಗೆ ಬಿದ್ದುಹೋಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಆದರೆ ನಮ್ಮ ಚಾಳಿನಲ್ಲಿ ಆ ಎಣಿಕೆ ಇಟ್ಟಿದ್ದವಳು ಅವಳೊಬ್ಬಳೇ. ನಾನು ತಾಯಿ, ನಾನೇ ಇಟ್ಟಿರಲಿಲ್ಲ.

ದೊಡ್ಡ ಡಾಕ್ಟರು ಆಪರೇಷನ್ ಮಾಡಲು ಒಪ್ಪಿದ್ದರು, ಆದರೆ ಒಂದು ವಿಷಯ ಗೊತ್ತಾಗಬೇಕಿತ್ತು. ಶ್ವಾಸಕೋಶದ ನಾಳದ ಎರಡು ಕೊಂಬೆಗಳು ಒಳಗೆ ಎಲ್ಲಾದರೂ ಒಂದಕ್ಕೊಂದು ಕೂಡಿವೆಯೇ, ಹೊಲಿಯುವಷ್ಟು ದಪ್ಪ ಇವೆಯೇ? ಕೂಡಿದ್ದರೆ ಆಪರೇಷನ್. ಇಲ್ಲದಿದ್ದರೆ ಎದೆ ತೆರೆಯುವುದೇ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಎದೆಗೆ ಜೆಲ್ ಹಚ್ಚಿ ನೋಡುವ ಪರೀಕ್ಷೆಯಲ್ಲಿ ಆ ಭಾಗ ಕಾಣಲಿಲ್ಲ. ತೊಡೆಯಿಂದ ನಳಿಕೆ ಹಾಕಿ ನೋಡಲು ಹೋದಾಗ ಮಗು ಮೇಜಿನ ಮೇಲೆಯೇ ಕಪ್ಪಗಾಗಿ ಉಸಿರು ಕಟ್ಟಿತು, ಅರ್ಧಕ್ಕೆ ನಿಲ್ಲಿಸಿದರು. ಉಳಿದದ್ದು ಎಂಆರ್‌ಐ ಒಂದೇ.

ಮಗುವನ್ನು ಮಲಗಿಸುವ ಔಷಧಿ ಕೊಟ್ಟು ಮೆಷಿನ್ನೊಳಗೆ ಕಳಿಸುವಂತಿರಲಿಲ್ಲ. ಆ ಸುರಂಗದಲ್ಲಿ ಅವಳ ಉಸಿರು ನಿಂತರೆ ಹೊರಗಿನವರಿಗೆ ತಿಳಿಯುವುದಿಲ್ಲ. ಆಕ್ಸಿಜನ್ ಸಿಲಿಂಡರ್ ಕಬ್ಬಿಣದ್ದು, ಒಳಗೆ ಒಯ್ಯಲಾಗದು. ಎಚ್ಚರವಾಗಿಯೇ ಒಂದು ಗಂಟೆಗೂ ಹೆಚ್ಚು ಅಲುಗದೆ ಮಲಗಬೇಕು. ಮೆಷಿನ್ ಎದೆಬಡಿತಕ್ಕೆ ಸರಿಯಾಗಿ ಒಂದು ಬಡಿತಕ್ಕೆ ಒಂದು ಗೆರೆಯಂತೆ ಎಳೆಯುತ್ತದೆ, ನೂರಾರು ಗೆರೆ ಸೇರಿದರೆ ಒಂದು ಚಿತ್ರ ಎಂದು ಡಾಕ್ಟರು ನಿಮ್ಮ ತಾತನಿಗೆ ವಿವರಿಸಿದರು. "ಬಚ್ಚೀ ಹಿಲೀ ತೋ ಸಬ್ ಗಯಾ," ಎಂದರು. ಮಗು ಅಲುಗಿದರೆ ಎಲ್ಲ ಹಾಳು. ಅಷ್ಟು ಹಿಂದಿ ನನಗೂ ಅರ್ಥವಾಯಿತು.

ಮೊದಲ ಸಲ ಹೋದಾಗ ಬಾಗಿಲಲ್ಲಿ ಸರಸಕ್ಕನೇ ಇದ್ದಳು. ನನ್ನ ಮಾಂಗಲ್ಯಕ್ಕೆ ಕೈ ಹಾಕಿದಳು. ನಾನು ಹಿಂದೆ ಸರಿದೆ.

"ಚಿನ್ನಕ್ಕೆ ಏನೂ ಆಗುದಿಲ್ಲ," ಎಂದಳು. "ಆದರೆ ಅದಕ್ಕೆ ನಾಲ್ಕು ಪಿನ್ ನೇತುಹಾಕಿಕೊಂಡಿದ್ದಿಯಲ್ಲ, ಅದು ಯಾರ ಸೌಭಾಗ್ಯಕ್ಕೆ? ತೆಗಿ. ಅಥವಾ ಹೊರಗೆ ಕೂತುಕೋ. ಹೊರಗೆ ಕೂತರೆ ಇನ್ನೂ ಒಳ್ಳೇದು."

ನಾನು ತೆಗೆದಿಟ್ಟು ಒಳಗೆ ಹೋದೆ. ಮಗಳ ಪಾದ ಹಿಡಿದುಕೊಂಡು ನಿಲ್ಲಲು ಬಿಟ್ಟಿದ್ದರು. ಸದ್ದು ಶುರುವಾಯಿತು. ತಗಡಿನ ಮೇಲೆ ಯಾರೋ ಬಿಡುವಿಲ್ಲದೆ ಸುತ್ತಿಗೆ ಬಡಿಯುತ್ತಿದ್ದ ಹಾಗೆ. ಸುಧಾಳ ಕಾಲಿನ ಬೆರಳುಗಳು ಬಿಗಿಯಾದವು. ಸ್ವಲ್ಪ ಹೊತ್ತಾಯಿತು. ಅವಳು ಅಲುಗಿರಲಿಲ್ಲ. ನನಗೆ ತಡೆಯಲಾಗಲಿಲ್ಲ. "ಹೆದರ್ಕೋಬೇಡ ಕಂದ, ಅಮ್ಮ ಇಲ್ಲೇ ಇದೀನಿ," ಎಂದೆ. ನನ್ನ ದನಿ ಕೇಳಿದ್ದೇ ತಡ, ಅವಳು ತಲೆ ಎತ್ತಿದಳು, ಹಣೆ ಸುರಂಗಕ್ಕೆ ಬಡಿಯಿತು, ಅಳತೊಡಗಿದಳು, ನೀಲಿಗಟ್ಟಿದಳು. ಹೊರಗೆ ಎಳೆದರು. ಬಂದ ಚಿತ್ರ ಒದ್ದೆ ಕೈ ತಾಗಿದ ಮಸಿಯ ಹಾಗಿತ್ತು. ಇನ್ನೊಂದು ದಿನ ಸಿಕ್ಕಿದ್ದು ಆರು ವಾರದ ಮೇಲೆ. ಅದೂ ಕೆಟ್ಟರೆ ಇನ್ನು ಕಾಯುವಷ್ಟು ಕಾಲ ಮಗುವಿಗಿಲ್ಲ ಎಂದು ಡಾಕ್ಟರು ಹೇಳಿದರು.

ವಾಪಸು ಬರುವ ಲೋಕಲ್ ರೈಲಿನಲ್ಲಿ ಸರಸಕ್ಕನೂ ನಮ್ಮ ಬೋಗಿಯಲ್ಲಿದ್ದಳು. ನನ್ನ ಮಡಿಲಲ್ಲಿ ಮಗಳು ನಿದ್ದೆ ಹೋಗಿದ್ದಳು. ಸರಸಕ್ಕ ಬಗ್ಗಿ ಹೇಳಿದಳು, "ಹುಡುಗಿ ಮಲಗ್ತಿದ್ದಳು. ಮೆಷಿನ್ ಕೆಡಿಸಲಿಲ್ಲ. ನೀನು ಕೆಡಿಸಿದ್ದು."

ಅದು ನನಗೆ ಗೊತ್ತಿತ್ತು. ಎರಡು ದಿನ ಕಳೆಯಿತು. ಮೂರನೆಯ ದಿನ ನಿಮ್ಮ ತಾತ ಕೆಲಸಕ್ಕೆ ಹೋದ ಮೇಲೆ, ಸುಧಾ ಮಲಗಿದ್ದಾಗ, ಗ್ಯಾಲರಿ ದಾಟಿ ಅವಳ ಖೋಲಿಗೆ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ಸರಸಕ್ಕ, ನನ್ ಕೈಲಿ ಆಗಲ್ಲ. ಅವಳಿಗೆ ಮಲಗೋದು ನೀವೇ ಕಲಿಸ್ಕೊಡಿ."

"ನನ್ನ ಕಲಿಸುದು ನಿನಗೆ ಆಗುದಿಲ್ಲ."

"ಏನ್ ಬೇಕಾದ್ರೂ ಮಾಡಿ."

ಅವಳು ಮೊರ ಕೆಳಗಿಟ್ಟಳು. "ಸರಿಯಾಗಿ ಕೇಳು, ಮೂಕಿ. ಮುದ್ದು ಮಾಡಿ ಕಲಿಸಿದರೆ ಮಗು ಮುದ್ದು ಮಾಡುವವರನ್ನು ಹುಡುಕ್ತದೆ. ಆ ಮೆಷಿನ್ ಒಳಗೆ ಯಾರೂ ಇಲ್ಲ. ಹೆದರಿ ಹೆದರಿ ಹೆದರಿಕೆ ಸವೆದುಹೋಗಬೇಕು, ಹಾಗೆ ಕಲಿಸಬೇಕು. ಅವಳು ನನ್ನನ್ನು ದ್ವೇಷ ಮಾಡ್ತಾಳೆ. ಮಾಡಲಿ. ನೀನು ನಡುವೆ ಬರಬಾರದು. ಒಂದೇ ಒಂದು ದಿನ ಬಂದರೆ ನಾನು ಬಿಟ್ಟೆ."

"ನಾನೇ ಕಳಿಸಿದ್ದು ಅಂತ ಅವಳಿಗೆ ಗೊತ್ತಾಗೋದು ಬೇಡ," ಎಂದೆ. ಇದನ್ನು ಅವಳು ಕೇಳಿರಲಿಲ್ಲ. ನಾನಾಗಿಯೇ ಸೇರಿಸಿದ ಮಾತು. ಅವಳು ಮೊರವನ್ನು ಮತ್ತೆ ಎತ್ತಿಕೊಂಡಳು.

"ಮೂಕಿ ಅಂದುಕೊಂಡಿದ್ದೆ. ನೀನು ಜಾಣೆ," ಎಂದಳು.

ನಿಮ್ಮ ತಾತನ ಕಂಪನಿಯಿಂದ ದಪ್ಪ ಕಾರ್ಡ್‌ಬೋರ್ಡಿನ ಬಣ್ಣದ ಡ್ರಮ್ಮುಗಳು ಹೊರಗೆ ಬೀಳುತ್ತಿದ್ದವು. ಚಾಳಿನವರೆಲ್ಲ ಅಕ್ಕಿ ಹಾಕಿಡಲು ತರುತ್ತಿದ್ದರು. ಸರಸಕ್ಕ ಎರಡು ಡ್ರಮ್ಮುಗಳ ತಳ ಕೊಯ್ದು ಒಂದಕ್ಕೊಂದು ಜೋಡಿಸಿ ನೆಲದ ಮೇಲೆ ಅಡ್ಡ ಮಲಗಿಸಿದಳು. ಬೆಳಗಿನ ಡ್ಯೂಟಿ ಮುಗಿಸಿ ಮೂರೂವರೆಗೆ ಬರುತ್ತಿದ್ದಳು. ನಾಲ್ಕಕ್ಕೆ ನಾನು ಸುಧಾಳನ್ನು ಅವಳ ಖೋಲಿಯಲ್ಲಿ ಬಿಟ್ಟು, "ರೇಷನ್ ಅಂಗಡಿಗೆ ಹೋಗ್ಬರ್ತೀನಿ, ಸರಸ ಆಂಟಿ ಹತ್ರ ಇರು," ಎಂದು ಚಪ್ಪಲಿ ಸದ್ದು ಮಾಡುತ್ತ ಮೆಟ್ಟಿಲಿಳಿಯುತ್ತಿದ್ದೆ. ಕೆಳಗೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಮೇಲೆ ಬಂದು ಅವಳ ಬಾಗಿಲ ಸಂದಿನ ಹತ್ತಿರ ನಿಲ್ಲುತ್ತಿದ್ದೆ. ಆರು ವಾರ ದಿನವೂ ಹೀಗೆ. ಚಾಳಿನ ಉಳಿದ ಹೆಂಗಸರು ಆ ಹೊತ್ತಿಗೆ ಮಾರ್ಕೆಟ್ಟಿಗೆ ಹೋಗಿರುತ್ತಿದ್ದರು ಅಥವಾ ಮಲಗಿರುತ್ತಿದ್ದರು.

ಒಳಗೆ ಸುಧಾ ಡ್ರಮ್ಮಿನೊಳಗೆ ಮಲಗಿರುತ್ತಿದ್ದಳು. ಪಾದಗಳಷ್ಟೇ ಹೊರಗೆ. ಸರಸಕ್ಕ ಪಕ್ಕದಲ್ಲಿ ಅಲಾರಂ ಗಡಿಯಾರ ಇಟ್ಟುಕೊಂಡು ಲಟ್ಟಣಿಗೆಯಿಂದ ಡ್ರಮ್ಮು ಬಡಿಯುತ್ತಿದ್ದಳು. ಟಕ್ ಟಕ್ ಟಕ್. ನಿಲ್ಲಿಸುತ್ತಿದ್ದಳು. ಮತ್ತೆ ಬೇರೆ ಲಯದಲ್ಲಿ. ಬೆರಳು ಅಲುಗಿದರೆ, "ಮುಳ್ಳು ಹಿಂದೆ ಹೋಯ್ತು," ಎಂದು ಗಡಿಯಾರವನ್ನು ಮೊದಲಿಗೆ ತಿರುಗಿಸುತ್ತಿದ್ದಳು. ಐವತ್ತು ನಿಮಿಷ ಮಲಗಿ ಒಂದು ಸಲ ಮೂಗು ತುರಿಸಿಕೊಂಡರೂ ಮತ್ತೆ ಸೊನ್ನೆಯಿಂದ. ಪಾದದ ಮೇಲೆ ಸಕ್ಕರೆ ನೀರಿನ ಹನಿ ಹಾಕಿ ಇರುವೆ ಬರುವವರೆಗೆ ಕಾಯುತ್ತಿದ್ದಳು. ಅಂಗಾಲಿಗೆ ಕೋಳಿಗರಿ ಎಳೆಯುತ್ತಿದ್ದಳು. ಮಗು ಅತ್ತರೆ, "ಅಳು, ಆದರೆ ಹೊಟ್ಟೆ ಅಲುಗಬಾರದು," ಎನ್ನುತ್ತಿದ್ದಳು.

ಎರಡನೆಯ ವಾರದ ಒಂದು ದಿನ ಡ್ರಮ್ಮಿನೊಳಗಿಂದ ಸದ್ದೇ ಬರಲಿಲ್ಲ. ಸಂದಿನಲ್ಲಿ ನೋಡಿದೆ. ಹೊರಗಿದ್ದ ಪಾದಗಳು ಮಸಿಯಾಗಿದ್ದವು. ಸರಸಕ್ಕ ಲಟ್ಟಣಿಗೆ ಎಸೆದು ಎರಡೂ ಕಣಕಾಲು ಹಿಡಿದು ಎಳೆದಳು, ಮಂಡಿ ಮಡಿಸಿ ಎದೆಗೆ ಒತ್ತಿ ಹಿಡಿದು ಕೂತಳು. ಸುಧಾಳ ಕಣ್ಣು ಮೇಲಕ್ಕೆ ಹೋಗಿತ್ತು. ನನ್ನ ಕೈ ಬಾಗಿಲ ಮೇಲಿತ್ತು. ತಳ್ಳಿದ್ದರೆ ತೆರೆಯುತ್ತಿತ್ತು. ತಳ್ಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತುಟಿಗೆ ಬಣ್ಣ ಬಂತು.

"ಉಸಿರು ಕಟ್ಟಿದ್ದು ಹೇಳಲಿಲ್ಲ ಯಾಕೆ?" ಎಂದಳು ಸರಸಕ್ಕ.

"ಹೇಳಿದ್ರೆ ಸೊನ್ನೆಯಿಂದ ಅಂತೀರಾ," ಎಂದಳು ಮಗು.

ಸರಸಕ್ಕ ಗಡಿಯಾರವನ್ನು ದೂರ ಸರಿಸಿದಳು. ಆಮೇಲೆ, "ಉಸಿರು ಕಟ್ಟಿದರೆ ಎಡಗಾಲಿನ ಹೆಬ್ಬೆರಳು ಒಂದೇ ಎತ್ತು. ಅದಕ್ಕೆ ಮುಳ್ಳು ಹಿಂದೆ ಹೋಗುದಿಲ್ಲ," ಎಂದಳು. ನೀರು ಕುಡಿಸಿದಳು. ಅರ್ಧ ಗಂಟೆ ತನ್ನ ತೊಡೆಯ ಮೇಲೆ ಮಲಗಿಸಿಕೊಂಡಳು. ಅಲ್ಲಿಗೆ ಅವತ್ತಿನದು ಮುಗಿಯಿತು ಎಂದುಕೊಂಡೆ. ಅವಳು ಮಗುವನ್ನು ಎಬ್ಬಿಸಿ ಮತ್ತೆ ಡ್ರಮ್ಮಿನೊಳಗೆ ತಳ್ಳಿದಳು.

ಸಂಜೆ ನಾನು ಸುಧಾಳ ತಲೆ ಬಾಚುತ್ತಿದ್ದೆ. ಇವತ್ತು ಹೇಳುತ್ತಾಳೆ, ಇವತ್ತು ಹೇಳುತ್ತಾಳೆ ಎಂದು ಕಾಯುತ್ತಿದ್ದೆ. ಹೇಳಿದರೆ ನಿಲ್ಲಿಸಿಬಿಡುತ್ತೇನೆ ಎಂದೂ ಅಂದುಕೊಂಡಿದ್ದೆ. ಅವಳು ಹೇಳಲಿಲ್ಲ. ಅಮ್ಮನಿಗೆ ಹೇಳಿದರೆ ಅಮ್ಮ ಅಳುತ್ತಾಳೆ, ಅತ್ತರೆ ಅವಳಿಗೂ ನಿನ್ನ ಹಾಗೆ ಎದೆ ಒಡೆಯುತ್ತದೆ ಎಂದು ಸರಸಕ್ಕ ಹೆದರಿಸಿದ್ದಳಂತೆ.

ನಾಲ್ಕನೆಯ ವಾರಕ್ಕೆ ಇರುವೆಗೂ ಗರಿಗೂ ಸದ್ದಿಗೂ ಮಗು ಅಲುಗುತ್ತಿರಲಿಲ್ಲ. "ಒಂದು ಉಳಿದಿದೆ," ಎಂದು ಸರಸಕ್ಕ ನಲ್ಲಿಯ ಹತ್ತಿರ ನನಗೆ ಮೆಲ್ಲಗೆ ಹೇಳಿದಳು. "ನಿನ್ನ ಸ್ವರ. ನಾಳೆಯಿಂದ ನೀನು ಹೊರಗಿಂದ ಕರಿ."

ನಮ್ಮೂರಲ್ಲಿ ಹೊತ್ತು ಮುಳುಗಿದ ಮೇಲೆ ಯಾರಾದರೂ ಹೊರಗಿನಿಂದ ಹೆಸರು ಹಿಡಿದು ಕರೆದರೆ ಒಂದೇ ಕೂಗಿಗೆ ಓಗೊಡುತ್ತಿರಲಿಲ್ಲ. ದೆವ್ವ ನಮಗೆ ಬೇಕಾದವರ ದನಿಯಲ್ಲಿ ಕರೆಯುತ್ತದೆ, ಆದರೆ ಒಂದೇ ಸಲ ಕರೆಯುತ್ತದೆ. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ ಎನ್ನುತ್ತಿದ್ದರು. ಸುಧಾಳಿಗೆ ಊಟ ಮಾಡಿಸುವಾಗ ನಾನೇ ಈ ಕತೆ ಹೇಳಿದ್ದೆ. ಅವಳು ಅದನ್ನು ಸರಸಕ್ಕನಿಗೆ ಹೇಳಿದ್ದಳು. ಸರಸಕ್ಕ ಅದನ್ನು ಇಟ್ಟುಕೊಂಡಿದ್ದಳು.

"ನೀಲಿ, ಕೇಳು," ಎಂದು ಡ್ರಮ್ಮಿನ ಬಾಯಿಗೆ ಮುಖವಿಟ್ಟು ಹೇಳಿದ್ದು ನನಗೆ ಬಾಗಿಲಾಚೆ ಕೇಳಿತು. "ಆ ಮೆಷಿನ್‌ಗೆ ನಿನ್ನ ಅಮ್ಮನ ಸ್ವರ ಬರ್ತದೆ. ಅದು ಮೂರು ಸಲ ಅಲ್ಲ, ಮೂವತ್ತು ಸಲ ಕರೆಯುವ ಜಾತಿ. ತಿರುಗಿದರೆ ಹೋದಿ. ನಿಜವಾದ ಅಮ್ಮ ನಿನ್ನನ್ನು ಹೊರಗೆ ತೆಗೆದ ಮೇಲೆ ಮಾತ್ರ ಬರ್ತಾಳೆ."

ನಾನು ಕರೆದೆ. "ಸುಧಾ."

ಮೊದಲ ದಿನ ಅವಳು ಎದ್ದು ಬರಲು ಹೋಗಿ ಡ್ರಮ್ಮು ಉರುಳಿತು. ಗಡಿಯಾರ ಸೊನ್ನೆಗೆ ಹೋಯಿತು. ಎರಡನೆಯ ದಿನ ಪಾದ ತಿರುಗಿತು. ನಾಲ್ಕನೆಯ ದಿನ ಕಿರುಬೆರಳಷ್ಟೇ. ಎಂಟನೆಯ ದಿನ ನಾನು ಕರೆದೆ, ಏನೂ ಅಲುಗಲಿಲ್ಲ. ಸರಸಕ್ಕ ಬಾಗಿಲ ಸಂದಿನಿಂದ ಇನ್ನೂ ಗಟ್ಟಿಯಾಗಿ ಎಂದು ಕೈ ಮಾಡಿದಳು.

"ಸುಧಾ, ಅಮ್ಮ ಬಿದ್ಬಿಟ್ಟೆ ಕಣೇ. ಕಾಲು ಮುರೀತು. ಬಾರೇ," ಎಂದೆ.

ಡ್ರಮ್ಮಿನಿಂದ ಹೊರಗಿದ್ದ ಎರಡು ಪಾದಗಳು ಹಾಗೆಯೇ ಇದ್ದವು. ಅವಳು ಬರಬಾರದೆಂದೇ ನಾನು ಕರೆದಿದ್ದು. ಆದರೂ ಬರದೇ ಇದ್ದಾಗ ಗ್ಯಾಲರಿಯ ಕಟಕಟೆ ಹಿಡಿದುಕೊಂಡು ನಿಂತೆ. ಸರಸಕ್ಕ ಹೊರಗೆ ಬಂದು ಬಾಗಿಲು ಮುಂದೆ ಎಳೆದುಕೊಂಡು, "ಆಯ್ತು. ಈಗ ಕಲಿತಳು," ಎಂದಳು. ಅವಳ ಮುಖದಲ್ಲಿ ಸಂತೋಷವಿತ್ತು. ಪಾತ್ರೆ ಚೆನ್ನಾಗಿ ಬೆಳಗಿದಾಗ ಇರುವಂಥ ಸಂತೋಷ. ಅವಳಿಗೆ ಆ ಕೆಲಸದಲ್ಲಿ ಖುಷಿಯಿತ್ತು, ಮಕ್ಕಳೇ. ಇಲ್ಲವೆಂದರೆ ಸುಳ್ಳಾಗುತ್ತದೆ.

ಆ ದಿನ ಬಂತು. ಸರಸಕ್ಕ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, "ಕೆಮ್ಮಲಿಕ್ಕೂ ಇಲ್ಲ," ಎಂದು ತಾನು ಒಳಗೆ ಹೋದಳು. ಒಂದೂಕಾಲು ಗಂಟೆ. ಗೋಡೆಯಾಚೆ ಸುತ್ತಿಗೆಯ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು. ಕೊನೆಗೆ ಮರಾಠಿ ಟೆಕ್ನೀಷಿಯನ್ ಹೊರಗೆ ಬಂದು ನಿಮ್ಮ ತಾತನಿಗೆ, "ಅಶೀ ಮುಲ್ಗೀ ಮೀ ಪಾಹಿಲೀಚ್ ನಾಹೀ," ಎಂದ. ಇಂಥ ಹುಡುಗಿಯನ್ನು ನಾನು ನೋಡಿಯೇ ಇಲ್ಲ ಎಂದು. ದೊಡ್ಡವರೇ ಇಷ್ಟು ಅಲುಗದೆ ಮಲಗುವುದಿಲ್ಲವಂತೆ.

ಸುಧಾಳನ್ನು ಹೊರಗೆ ತಂದರು. ನಾನು ಎತ್ತಿಕೊಂಡೆ. ಅವಳು ಅಪ್ಪಿಕೊಳ್ಳಲಿಲ್ಲ. ಮುಖವನ್ನು ಹಿಂದಕ್ಕೆ ಮಾಡಿ ನನ್ನನ್ನು ನೋಡಿದಳು. ಗಲ್ಲದ ಮಚ್ಚೆ ಮುಟ್ಟಿದಳು, ಕಿವಿ ಮುಟ್ಟಿದಳು. ನಾನು ಅಮ್ಮನೋ ಮೆಷಿನ್ನೋ ಎಂದು ನೋಡುತ್ತಿದ್ದಳು.

ಎರಡು ದಿನದ ಮೇಲೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೂದು ಬಣ್ಣದ ನಡುವೆ ಕಪ್ಪಗೆ ಎರಡು ಸಣ್ಣ ಕೊಂಬೆಗಳು. ನಡುವೆ ಕೂಡಿದ್ದವು. ಸಣ್ಣವು, ಆದರೆ ಸಾಲುತ್ತವೆ ಎಂದರು. ಮುಂದಿನ ತಿಂಗಳು ಆಪರೇಷನ್ ಆಯಿತು. ಐದನೆಯ ದಿನ ನಾನು ಅವಳ ಕೈ ಹಿಡಿದು ನೋಡಿದೆ. ಉಗುರಿನ ಕೆಳಗೆ ಗುಲಾಬಿ ಬಣ್ಣ ಬಂದಿತ್ತು.

ವಾರ್ಡಿಗೆ ಸರಸಕ್ಕ ಬಂದಳು. ಕೈಯಲ್ಲಿ ಎಳನೀರು. ಮಂಚದ ಕಾಲ್ದೆಸೆಯಲ್ಲಿ ನಿಂತು, "ನೀಲಿ ಅನ್ನುವ ಹೆಸರು ಇನ್ನು ಆಗುದಿಲ್ಲ, ಬೇರೆ ಹುಡುಕಬೇಕು," ಎಂದಳು. ಸುಧಾ ಅವಳನ್ನು ನೋಡಿದವಳೇ ಮೈ ಸೆಟೆದು, ಕೈ ಎರಡೂ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ಅಲುಗದೆ ಮಲಗಿದಳು. ಹಾಸಿಗೆ ಒದ್ದೆಯಾಯಿತು. ತಲೆಯ ಹತ್ತಿರದ ಮೆಷಿನ್ ಬೇಗ ಬೇಗ ಕೂಗತೊಡಗಿತು. ನರ್ಸ್ ಓಡಿ ಬಂದು ಸರಸಕ್ಕನನ್ನು ಹೊರಗೆ ಕಳಿಸಿದಳು.

ಅವಳು ಹೋದಳೆಂದು ಗೊತ್ತಾದ ಮೇಲೆ ಸುಧಾ ಕಣ್ಣು ತೆರೆದಳು.

"ಅಮ್ಮ, ನೀನು ರೇಷನ್ ಅಂಗಡಿಗೆ ಹೋದಾಗ ಅವಳು ನನ್ನ ಡ್ರಮ್ಮಲ್ಲಿ ಹಾಕ್ತಿದ್ಲು. ಇರುವೆ ಬಿಡ್ತಿದ್ಲು. ನಿಂಗೊತ್ತಿತ್ತಾ?"

"ಇಲ್ಲ ಕಂದ. ಗೊತ್ತಿರಲಿಲ್ಲ."

ಆ ಸುಳ್ಳು ಹೇಳಲು ಎರಡು ಉಸಿರಿನಷ್ಟು ಹೊತ್ತಾಗಿರಬಹುದು. ನೀವು ಕನ್ನಡ ಓದಲು ತಡವರಿಸುತ್ತೀರಿ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದ ನಿಮ್ಮ ಅಮ್ಮನೇ ನಾನು ಬರೆದ ಇದನ್ನು ನಿಮಗೆ ಓದಿ ಹೇಳುತ್ತಿರಬೇಕು. ಓದಲಿ. ಇನ್ನೂ ಸ್ವಲ್ಪ ಇದೆ.

ಮನೆಗೆ ಬಂದ ಮೇಲೆ ಸುಧಾ ತನ್ನ ಕತೆಯನ್ನು ಚಾಳಿನವರಿಗೆಲ್ಲ ಹೇಳಿದಳು. ಹೆಂಗಸರು ಅವಳನ್ನು ತಬ್ಬಿಕೊಂಡು ಅತ್ತರು. ಸರಸಕ್ಕನಿಗೆ ನಲ್ಲಿಯ ಸರದಿ ಕೊಡುವುದನ್ನು ನಿಲ್ಲಿಸಿದರು. ಅವಳು ಬಿಂದಿಗೆ ಇಟ್ಟರೆ ಕಾಲಿನಿಂದ ಪಕ್ಕಕ್ಕೆ ತಳ್ಳುತ್ತಿದ್ದರು. ಅವಳ ಬಾಗಿಲಿಗೆ ಯಾರೋ ಸಗಣಿ ಎರಚಿದರು. "ಒಂದೂವರೆ" ಎಂದು ಕರೆಸಿಕೊಂಡಿದ್ದ ಪಾಟೀಲರು ಅವಳನ್ನು ರಾಕ್ಷಸಿ ಎಂದರು. ಅವಳ ಬಾಯಿಯಿಂದ ನೊಂದವರೇ ಎಲ್ಲರೂ, ಹಾಗಾಗಿ ಎಲ್ಲರಿಗೂ ಅದು ಸುಲಭವಾಗಿತ್ತು. ನಾನು ನಲ್ಲಿಯ ಸಾಲಿನಲ್ಲಿ ನನ್ನ ಬಿಂದಿಗೆ ಹಿಡಿದು ನಿಂತಿರುತ್ತಿದ್ದೆ. "ಪಾಪ, ಜಯಮ್ಮನಿಗೆ ಗೊತ್ತೇ ಆಗಲಿಲ್ಲ," ಎಂದು ಜನ ನನಗೆ ಮೊದಲು ನೀರು ಹಿಡಿಯಲು ಬಿಡುತ್ತಿದ್ದರು. ನಾನು ಹಿಡಿಯುತ್ತಿದ್ದೆ.

ಒಂದು ಮಧ್ಯಾಹ್ನ ಸರಸಕ್ಕ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದಳು. ಕೈಯಲ್ಲಿ ಎರಡು ಖಾಲಿ ಬಿಂದಿಗೆ. ಸ್ಟೇಷನ್ ಹತ್ತಿರದ ನಲ್ಲಿಯಿಂದ ನೀರು ತರುತ್ತಿದ್ದಳು.

"ಈಗ ಹೇಳಬಹುದಲ್ಲ ಮಾರಾಯ್ತಿ. ಹುಡುಗಿ ಗುಣ ಆದಳು. ಊರಿಗೆಲ್ಲ ಹೇಳುದು ಬೇಡ. ಅವಳೊಬ್ಬಳಿಗೆ ಹೇಳು."

"ಇನ್ನೂ ಸಣ್ಣವಳು ಸರಸಕ್ಕ. ಸ್ವಲ್ಪ ದಿನ ಹೋಗ್ಲಿ."

"ಎಷ್ಟು ದಿನ?"

ನಾನು ಮೆಟ್ಟಿಲು ಹತ್ತಿ ಒಳಗೆ ಹೋದೆ. ಅವಳು ಮತ್ತೆ ಕೇಳಲಿಲ್ಲ. ಹಾಗೆ ಎರಡು ವರ್ಷ ಕಳೆಯಿತು. ನಾನು ಕರೆದರೆ ಸುಧಾ ತಕ್ಷಣ ತಿರುಗುತ್ತಿರಲಿಲ್ಲ. ಈಗಲೂ ತಿರುಗುವುದಿಲ್ಲ, ನೀವು ಅದಕ್ಕೆ ನಗುತ್ತೀರಿ. ಉಳಿದಂತೆ ಅವಳು ನನ್ನ ಸೆರಗು ಬಿಡುತ್ತಿರಲಿಲ್ಲ. ಜಗತ್ತಿನಲ್ಲಿ ತನಗೆ ಕೆಡುಕು ಮಾಡದವಳು ನಾನೊಬ್ಬಳು ಎಂದು ನಂಬಿದ್ದಳು. ಆ ನಂಬಿಕೆಯನ್ನು ಕಳೆದುಕೊಳ್ಳಲು ನನ್ನಿಂದಾಗಲಿಲ್ಲ. ನಿಮ್ಮ ತಾತನಿಗೂ ಇದೆಲ್ಲ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಹೋದರು.

ಸೆಂಟರಿನವರು ಬೇರೆ ಆಯಾಳನ್ನು ಇಟ್ಟುಕೊಂಡರು. ಮಂಡಿನೋವಿನಿಂದ ಸರಸಕ್ಕನಿಗೆ ಹೊತ್ತುಗಟ್ಟಲೆ ನಿಲ್ಲಲು ಆಗುತ್ತಿರಲಿಲ್ಲ. ಉಡುಪಿಯ ಹತ್ತಿರದ ಊರಿನಲ್ಲಿ ತಂಗಿಯ ಮನೆಗೆ ಹೊರಟಳು. ಹೊರಡುವ ಸಂಜೆ ಟ್ರಂಕನ್ನು ಗ್ಯಾಲರಿಯಲ್ಲಿಟ್ಟು ನಮ್ಮ ಬಾಗಿಲಿಗೆ ಬಂದಳು. ಅಕ್ಕಪಕ್ಕದವರು ನೋಡಲು ಹೊರಗೆ ಬಂದರು.

"ಹೋಗ್ತೇನೆ, ಜಯಮ್ಮ," ಎಂದಳು. ಅವಳು ನನ್ನ ಹೆಸರು ಹಿಡಿದದ್ದು ಅದೊಂದೇ ಸಲ. "ಹುಡುಗಿ ಎಲ್ಲಿ?"

ನಾನು ಮಾತಾಡುವ ಮೊದಲೇ ಸುಧಾ ಒಳಗಿನಿಂದ ಬಂದಳು. ಒಂಬತ್ತು ವರ್ಷ ತುಂಬಿತ್ತು. ಹೊಸ್ತಿಲ ಮೇಲೆ ಎರಡು ಕೈ ಅಡ್ಡ ಹಿಡಿದು ನಿಂತಳು.

"ಇವಳು ನಮ್ಮನೆ ಒಳಗೆ ಬರಬಾರದು. ನಾನು ಸಾಯ್ಲಿ ಅಂತ ಡ್ರಮ್ಮಲ್ಲಿ ಹಾಕ್ತಿದ್ಲು, ಅಮ್ಮನ ದನೀಲಿ ಕೂಗಿ ಹೆದರಿಸ್ತಿದ್ಲು, ಇವಳು ಹೋದ್ರೆ ಎಲ್ರಿಗೂ ಒಳ್ಳೇದು, ಹೋಗು, ವಾಪಸ್ ಬರ್ಬೇಡ."

ಗ್ಯಾಲರಿಯಲ್ಲಿ ಯಾರೋ ಶಹಬ್ಬಾಸ್ ಎಂದರು. ಸರಸಕ್ಕ ಮಗುವನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಸುಮ್ಮನೆ ಕಾದಳು. ನನ್ನ ಬಾಯಿಯೊಳಗೆ ಮಾತು ಇತ್ತು, ಚಿಕ್ಕದು, ನಾನೇ ಕಳಿಸಿದ್ದು ಎಂಬಷ್ಟೇ. ಬಾಗಿಲ ಚೌಕಟ್ಟಿನ ಬಣ್ಣ ಎದ್ದಿತ್ತು, ಅದನ್ನು ಉಗುರಿನಿಂದ ಕೆರೆಯುತ್ತ ನಿಂತೆ.

ಆಗ ಸರಸಕ್ಕ ಸುಧಾಳ ಕಡೆ ತಿರುಗಿದಳು. ತಲೆಯಿಂದ ಕಾಲಿನವರೆಗೆ ನೋಡಿದಳು.

"ನಡುವೆ ಉಸಿರೇ ತೆಗೆಯದೆ ಇಷ್ಟು ಉದ್ದ ಬೈದಿ," ಎಂದಳು. "ಮೊದಲು ನಾಲ್ಕು ಶಬ್ದಕ್ಕೆ ಕೂರ್ತಿದ್ದಿ. ಒಳ್ಳೆ ಹೊಲಿದಿದ್ದಾರೆ."

ಟ್ರಂಕನ್ನು ತಾನೇ ಎತ್ತಿಕೊಂಡು, ಪ್ರತಿ ಮೆಟ್ಟಿಲಿಗೂ ಒಂದೊಂದು ಸಲ ಅದನ್ನು ಕೆಳಗಿಟ್ಟು ಮಂಡಿ ಒತ್ತಿಕೊಂಡು ಇಳಿದಳು. ಯಾರೂ ಕೈ ಹಚ್ಚಲಿಲ್ಲ. ಆಮೇಲೆ ಅವಳಿಂದ ಕಾಗದ ಬರಲಿಲ್ಲ, ನಾನೂ ಬರೆಯಲಿಲ್ಲ. ಅವಳ ತಂಗಿಯ ಊರಿನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಅವತ್ತು ಸುಧಾ ಚೆನ್ನಾಗಿ ಊಟ ಮಾಡಿದಳು. ನನ್ನ ಪಕ್ಕಕ್ಕೆ ಒತ್ತಿಕೊಂಡು ಕೂತಿದ್ದಳು. "ನೀನು ಅವಳನ್ನ ಒಳಗೆ ಕರೀಲೇ ಇಲ್ಲ ಅಲ್ವಾ ಅಮ್ಮ. ನೀನು ಯಾವಾಗ್ಲೂ ನನ್ ಕಡೆ," ಎಂದಳು.

"ಹೂಂ," ಎಂದು ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿ, ಮೇಲೆ ತುಪ್ಪ ಹಾಕಿದೆ.